ಗಾಜಿನ ಹಿಂದಿನ ಕೊಳ್ಳಿದೆವ್ವ

ಹೊಸನಗರದ ಸುತ್ತಿನ ಹಳ್ಳಿಗಳಲ್ಲಿ ದುಗ್ಗಮ್ಮ ಹೆರಿಗೆ ಮಾಡಿಸದ ಮನೆ ಕಡಿಮೆ. ಗಂಡ ಸತ್ತ ಮೇಲೆ ಮಗಳು ಜಲಜಳನ್ನು ಸಾಕಿ, ತೀರ್ಥಹಳ್ಳಿ ಕಡೆಗೆ ಮದುವೆ ಮಾಡಿಕೊಟ್ಟದ್ದೂ ಆ ಕಸುಬಿನಿಂದಲೇ. ಕರೆ ಬಂದರೆ ಒಣಗರಿಯ ಸೂಡಿ ಹೊತ್ತಿಸಿಕೊಂಡು ಎಂಥ ಕತ್ತಲಲ್ಲೂ ಹೊರಟುಬಿಡುವಳು.

೧೯೬೩ರ ಬೇಸಿಗೆಯಲ್ಲಿ, ಪೇಟೆಯಲ್ಲಿ ಹೊಸದಾಗಿ ಸ್ಟುಡಿಯೋ ತೆರೆದಿದ್ದ ಮಹಾಗಣಪತಿ ಭಟ್ಟ ಅವಳನ್ನು ಹೊಳೆದಂಡೆಗೆ ಕರೆದ. ಆಗಷ್ಟೇ ಕತ್ತಲಾಗಿತ್ತು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಅದರ ಕಣ್ಣನ್ನು ತೆರೆದೇ ಇಟ್ಟು, "ಸೂಡಿ ಬೀಸ್ತಾ ಹೋಗು ದುಗ್ಗಮ್ಮ, ಎಲ್ಲೂ ನಿಲ್ಬೇಡ," ಎಂದ. ಅವಳು ಆ ತುದಿ ಮುಟ್ಟಿ ಸೂಡಿ ನೀರಿಗೆ ಅದ್ದಿದ ಮೇಲೆ ಬ್ಯಾಟರಿಯ ಬೆಳಕನ್ನು ಒಮ್ಮೆ ಅವಳ ಮುಖಕ್ಕೆ ಬಿಟ್ಟ. ಆಮೇಲೆ ಕ್ಯಾಮೆರಾ ಮುಚ್ಚದೆಯೇ ಅವಳನ್ನು ಪಕ್ಕಕ್ಕೆ ಸರಿಸಿ, ಹಿಂದಿದ್ದ ಪೊದೆಗೂ ಬೆಳಕು ಹಾಯಿಸಿದ. ಜೀವಮಾನದ ಮೊದಲ ಫೋಟೋ ಎಂದು ದುಗ್ಗಮ್ಮ ಹಲ್ಲು ಬಿಟ್ಟು ನಕ್ಕಿದ್ದಳು.

ಆ ಪಟ ಸ್ಟುಡಿಯೋದ ಗಾಜಿನ ಕಪಾಟು ಸೇರಿತು. ದಂಡೆಯುದ್ದಕ್ಕೂ ಬೆಂಕಿ ಹರಿದಿತ್ತು, ಹಿಡಿದವರು ಕಾಣುತ್ತಿರಲಿಲ್ಲ. ತುದಿಯಲ್ಲಿ ನಗುವ ದುಗ್ಗಮ್ಮನ ಮುಖ, ಮುಖದೊಳಗಿಂದ ಪೊದೆಯ ಎಲೆಗಳು. ಕೆಳಗೆ ಭಟ್ಟ 'ಕೊಳ್ಳಿದೆವ್ವ' ಎಂದು ಬರೆದಿದ್ದ.

ಮೊದಲು ಜನ ನಕ್ಕರು. ಅಷ್ಟರಲ್ಲಿ ಅವಳು ಹೆರಿಗೆ ಮಾಡಿಸಿದ ಕೂಸೊಂದು ಮರುದಿನವೇ ತೀರಿಕೊಂಡಿತು. ಅಲ್ಲಿಂದ ಅವಳನ್ನು ಯಾರೂ ಕರೆಯಲಿಲ್ಲ. ದುಗ್ಗಮ್ಮ ಸ್ಟುಡಿಯೋಗೆ ಹೋದಳು.

"ಭಟ್ರೇ, ಸೂಡಿ ಹಿಡ್ದಿದ್ದು ನಾನೇ ಅಂತ ಒಂದ್ ಮಾತು ಹೇಳ್ಬಿಡಿ. ನನ್ನ ಕರೆಯೋರೇ ಇಲ್ಲ."

"ಹೇಳಿದ್ರೆ ಮಜಾ ಎಲ್ಲಿ ಉಳೀತು? ಇದನ್ನ ನೋಡೋಕೆ ಸಾಗರದಿಂದ ಜನ ಬರ್ತಾರೆ." ಮಹಾಗಣಪತಿ ಗಿರಾಕಿಗಳತ್ತ ತಿರುಗಿ, "ನೋಡಿ, ಹಗಲಲ್ಲೂ ಬಂತು!" ಎಂದ. ಹೆಂಗಸೊಬ್ಬಳು ಮಗುವಿನ ಮುಖಕ್ಕೆ ಸೆರಗು ಮುಚ್ಚಿದಳು.

ಚೊಚ್ಚಲ ಹೆರಿಗೆಗೆ ಜಲಜಳನ್ನು ಗಂಡನ ಮನೆಯವರು ತವರಿಗೆ ಕಳಿಸಲಿಲ್ಲ. ನೋವು ಶುರುವಾದ ಸುದ್ದಿ ಯಾರ ಬಾಯಿಂದಲೋ ತಿಳಿದು ದುಗ್ಗಮ್ಮ ಓಡಿದಳು. ಬೀಗಿತ್ತಿ ಮೂಕಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಮನ್ಷರಾದ್ರೆ ಮುಖದೊಳಗೆ ಎಲೆ ಕಾಣ್ಸತ್ತಾ?"

"ನಿನ್ನ ಕಾಲಿಗೆ ಬೀಳ್ತೀನಿ, ಒಳಗೆ ಬಿಡು. ಜಲಜಾ, ನಾನು ಕಣೇ!"

ಒಳಗಿನ ನರಳಾಟದ ನಡುವೆಯೇ, "ಅತ್ತೆ, ಅವ್ವನ್ನ ಒಳಗೆ ಬಿಡ್ಬೇಡಿ!" ಎಂದು ಜಲಜ ಕಿರುಚಿದಳು.

ದುಗ್ಗಮ್ಮ ಅಂಗಳದಲ್ಲೇ ಕೂತಳು. ಸಂಜೆಗೆ ಹುಟ್ಟಿದ ಮಗುವಿಗೆ ಉಸಿರಿರಲಿಲ್ಲ. "ಹೊರಗೆ ಕೂತೇ ತಿಂದ್ಲು," ಎಂದಳು ಮೂಕಮ್ಮ. ಅಳಿಯ ಅತ್ತೆಯ ರಟ್ಟೆ ಹಿಡಿದು ರಸ್ತೆಗೆ ತಳ್ಳಿದ.

ಆಮೇಲೆ ಅವಳು ಸೌದೆ ಮಾರಿ ಬದುಕಿದಳು. ಕೊಂಡವರು ಹೊರೆಯನ್ನು ಬೇಲಿಯಾಚೆಯೇ ಇಳಿಸಿಕೊಳ್ಳುತ್ತಿದ್ದರು. ಒಮ್ಮೆ ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಜಲಜ ಕಂಡಳು, ಮತ್ತೆ ತುಂಬಿದ ಬಸುರಿ. ದುಗ್ಗಮ್ಮ ದೂರದಲ್ಲೇ ನಿಂತು ನೋಡಿದಳು. ಅವಳನ್ನು ಕಂಡದ್ದೇ ಜಲಜ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು, ಎಲ್ಲಿಗೆ ಹೋಗುವುದೆಂದೂ ಕೇಳದೆ ಎದುರಿಗಿದ್ದ ಬಸ್ಸು ಹತ್ತಿದಳು.