ಬಟ್ಟೆಯ ರೆಕ್ಕೆ

ತಿ. ನರಸೀಪುರದ ಬಸ್ ನಿಲ್ದಾಣದ ಹಿಂದೆ ಅಪ್ಪನ ಟೈಲರ್ ಅಂಗಡಿ ಇತ್ತು. ಅದಕ್ಕೂ ಮೊದಲು ಅವರು ವಾಯುಪಡೆಯಲ್ಲಿ ವಿಮಾನದ ರೆಕ್ಕೆಗೆ ಬಟ್ಟೆ ಹೊಲಿಯುತ್ತಿದ್ದರು. ಹಾಗೆಂದರೆ ಗಿರಾಕಿಗಳು ನಗುತ್ತಿದ್ದರು. ಆದರೆ ಅದು ನಿಜ. ಪೈಲಟ್‌ಗಳಿಗೆ ಹಾರಾಟ ಕಲಿಸುತ್ತಿದ್ದ ಟೈಗರ್ ಮಾತ್ ವಿಮಾನಕ್ಕೆ ಒಂದರ ಮೇಲೊಂದು ಎರಡು ಜೊತೆ ರೆಕ್ಕೆ. ಮರದ ಚೌಕಟ್ಟಿಗೆ ಬಿಗಿದ ಬಟ್ಟೆ. ಮುಂದೆ ಗುರು, ಹಿಂದೆ ಶಿಷ್ಯ, ತಲೆಯ ಮೇಲೆ ಬರೀ ಆಕಾಶ. ಆಮೇಲೆ ಲೋಹದ ವಿಮಾನಗಳು ಬಂದವು. ಈ ಬಟ್ಟೆಯ ವಿಮಾನಗಳು ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು, ಎಷ್ಟೋ ಗುಜರಿಗೆ.

ಅಪ್ಪನಿಗೆ ಎಂಬತ್ತು ದಾಟಿದ ಮೇಲೆ, ದೂರದ ಊರಿನ ಸಂಗ್ರಹಾಲಯದಲ್ಲಿ ಅಂಥದೊಂದು ವಿಮಾನ ಇದೆಯೆಂದು ತಿಳಿದು ಕರೆದುಕೊಂಡು ಹೋದೆ. ಸುತ್ತ ಹಗ್ಗ ಕಟ್ಟಿದ್ದರು. ಅಪ್ಪ ಕೈ ಚಾಚಿದರು.

"ಮುಟ್ಟಬಾರದು ಯಜಮಾನ್ರೇ," ಎಂದ ಕಾವಲುಗಾರ.

"ಇಂಥವ್ನ ನಾನೇ ಒಲೀತಿದ್ದೆ ಕಣಪ್ಪ."

ಕಾವಲುಗಾರ ಅವರ ಮುಖ ನೋಡಿ ಹಗ್ಗ ಎತ್ತಿ ಹಿಡಿದ. ಅಪ್ಪ ಕೆಳಗಿನ ರೆಕ್ಕೆಯ ಮೇಲೆ ಅಂಗೈ ಇಟ್ಟು, ಹೊಲಿಗೆಯ ಗಂಟುಗಳನ್ನು ಒಂದೊಂದಾಗಿ ತಡವಿದರು. "ಯಾರೋ ಚೆನ್ನಾಗ್ ಒಲ್ದವ್ನೆ," ಎಂದರು. ಅವರ ಕಣ್ಣು ತುಂಬಿತ್ತು.

ಹೊರಗೆ ಬೆಂಚಿನ ಮೇಲೆ ಕೂತಾಗ, ಅಷ್ಟು ವರ್ಷ ನಮಗೆ ಹೇಳದಿದ್ದ ಮಾತು ಹೇಳಿದರು. "ನೀನು ಹೊಲಿದ ರೆಕ್ಕೆಯ ಮೇಲೆ ನಿನ್ನನ್ನೇ ಒಂದು ಸುತ್ತು ಕರೆದೊಯ್ಯುತ್ತೇನೆ" ಎಂದು ಕಲಿಸುವ ಅಧಿಕಾರಿಯೊಬ್ಬರು ಒಪ್ಪಿದ್ದರಂತೆ. ದಿನವೂ ಗೊತ್ತಾಗಿತ್ತು. ಅದರ ಹಿಂದಿನ ಮಧ್ಯಾಹ್ನ ಕವಲಂದೆಯಿಂದ ತಂತಿ ಬಂತು: ತಾಯಿಗೆ ಕಾಯಿಲೆ, ಬೇಗ ಬಾ. ಅಪ್ಪ ಸಿಕ್ಕಿದ ರೈಲು ಹತ್ತಿದರು. ತಿಂಗಳ ಮೇಲೆ ಮರಳಿದರೆ ಶೆಡ್ ಖಾಲಿ. ವಿಮಾನಗಳನ್ನೆಲ್ಲ ಬೇರೆ ಕಡೆಗೆ ಕಳಿಸಿಬಿಟ್ಟಿದ್ದರು. ಕಾಯಿಲೆಯ ಅಜ್ಜಿ ಎದ್ದು ಇನ್ನೂ ಇಪ್ಪತ್ತು ವರ್ಷ ಗಟ್ಟಿಯಾಗಿ ಬದುಕಿದಳು.

"ಅಜ್ಜೀಗೆ ಗೊತ್ತಿತ್ತಾ?"

"ಏಳಿದ್ರೆ ನೊಂದ್ಕೊತಿದ್ಲು. ಅದ್ಕೇ ಯಾರ್ಗೂ ಏಳ್ನಿಲ್ಲ."

ಟಿಕೆಟ್ ಮಾಡಿಸುತ್ತೇನೆ, ವಾಪಸು ವಿಮಾನದಲ್ಲೇ ಹೋಗೋಣ ಎಂದೆ. ಅಪ್ಪ ತಲೆಯಾಡಿಸಿದರು.

"ಬ್ಯಾಡ ಮಗಾ. ಅದ್ರಲ್ಲಿ ಮಕಕ್ಕೆ ಗಾಳಿ ಒಡೆಯಾಕಿಲ್ಲ."

ಬಸ್ಸಿನಲ್ಲಿ ವಾಪಸು ಬಂದೆವು. ಮರುವರ್ಷ ಅಪ್ಪ ತೀರಿಹೋದರು. ಅಂದು ಆ ಕಾವಲುಗಾರನನ್ನು, ಒಂದು ಗಳಿಗೆ ಅವರನ್ನು ಆ ವಿಮಾನದೊಳಗೆ ಕೂರಿಸು ಎಂದು ನಾನು ಯಾಕೆ ಕೇಳಲಿಲ್ಲವೋ. ಕೇಳಿದ್ದರೆ ಒಪ್ಪುತ್ತಿದ್ದನೇನೋ.