ದ್ವಾದಶಿಯ ಬೆಳಿಗ್ಗೆ ಕೊಟ್ಟ ರಕ್ತ

ನನ್ನ ತಂಗಿಯ ಎರಡೂ ಕಿಡ್ನಿ ಕೈಕೊಟ್ಟಾಗ, ಒಂದನ್ನು ಕೊಡಬಲ್ಲವನು ಅಂತ ಮನೆಯಲ್ಲಿ ಉಳಿದವನು ನಾನೊಬ್ಬನೇ. ಅವಳ ಗಂಡನಿಗೆ ಸಕ್ಕರೆ ಕಾಯಿಲೆ, ಅಮ್ಮನಿಗೆ ವಯಸ್ಸು. ರಕ್ತದ ಗುಂಪು ಹೊಂದಿತು. "ನಾ ಕೊಡ್ತೀನಿ" ಅಂದುಬಿಟ್ಟೆ. ಅನ್ನುವುದಕ್ಕೇನು? ಐವತ್ತರ ಹತ್ತಿರ ಬಂದ ಮಾಸ್ತರ ನಾನು. ಮಾನ್ವಿಯಿಂದ ದೇವದುರ್ಗದ ಶಾಲೆಗೆ ದಿನಾ ಬಸ್ಸಿನಲ್ಲಿ ಕುಲುಕಾಡಿ ಮೈಯೆಲ್ಲ ಸಡಿಲಾಗಿತ್ತು. ಮುದಿ ಆಕಳನ್ನು ದಾನ ಕೊಡುವ ಮಂದಿಯನ್ನು ಬಯ್ಯುತ್ತಲೇ ಮನೆಯ ಹಿರಿಯರು ನಮ್ಮನ್ನು ಬೆಳೆಸಿದ್ದಾರೆ. ಕೊಡುವುದಾದರೆ ಗಟ್ಟಿಯಾದದ್ದನ್ನೇ ಕೊಡಬೇಕು ಅಂತ ಜಿಮ್ಮಿಗೆ ಸೇರಿದೆ.

ಅಲ್ಲಿಯ ತರಬೇತುದಾರ ನನ್ನ ತೋಳು ಹಿಡಿದು ನೋಡಿ ನಿಟ್ಟುಸಿರು ಬಿಟ್ಟ. "ಸರ್, ನೀವು ಮೊಟ್ಟಿ ಮಾಂಸ ಮುಟ್ಟಂಗಿಲ್ಲ. ನಿಮ್ಮಂಥೋರಿಗೆ ಈ ಕ್ರಿಯಾಟಿನ್ ಪುಡಿ ಭಾಳ ಚಲೋ ಹತ್ತತದ, ತೋಳಿಗೆ ಬಲ ಬರ್ತದ. ನೀರು ಮಾತ್ರ ಬಿಡದಂಗ ಕುಡೀರಿ," ಅಂದ. ಡಬ್ಬಿ ಮನೆಗೆ ಬಂದಾಗ ಅಮ್ಮ ಕನ್ನಡಕ ಹಾಕಿಕೊಂಡು ಸುತ್ತ ತಿರುಗಿಸಿ ಹಸಿರು ಚುಕ್ಕಿ ಹುಡುಕಿದಳು. ಸಿಕ್ಕಿತು. ಆದರೂ ನಂಬಿಕೆ ಬರಲಿಲ್ಲ. "ಇರ್ಲಿ, ಆದ್ರ ಅಡಗಿ ಮನಿಯೊಳಗ ಬ್ಯಾಡ," ಅಂತ ಅದನ್ನು ಪಡಸಾಲೆಯ ಗೂಡಿನಲ್ಲಿ ಇಡಿಸಿದಳು.

ತಿನ್ನತೊಡಗಿದ ಕೆಲವೇ ದಿನಕ್ಕೆ ತೂಕ ಏರಿತು. ಮುಖ ಉಬ್ಬಿತು. ಹೊಟ್ಟೆ ಗುಡುಗುಡು ಅಂದು ಪಾಠದ ನಡುವೆ ಸುಣ್ಣದಕಡ್ಡಿ ಬಿಟ್ಟು ಓಡಿದ್ದೂ ಆಯಿತು. ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಫೋನಿನಲ್ಲಿ ಓದಿದರೆ ಒಬ್ಬ ಏನೂ ಆಗುವುದಿಲ್ಲ ಅಂತಾನೆ, ಇನ್ನೊಬ್ಬ ಕಿಡ್ನಿಯೇ ಹೋಗುತ್ತದೆ ಅಂತಾನೆ. ಕೂದಲು ಉದುರುತ್ತದೆ ಅಂತ ಮತ್ತೊಬ್ಬ. ಅದರ ಚಿಂತೆ ನನಗಿರಲಿಲ್ಲ, ಉದುರುವುದಕ್ಕೆ ಏನು ಉಳಿದಿತ್ತು? ಆದರೆ ಕಿಡ್ನಿ ಅನ್ನುವ ಮಾತು ಎದೆಯಲ್ಲಿ ಕೂತುಬಿಟ್ಟಿತು. ಹಾಗಂತ ಪುಡಿ ಬಿಡಲೂ ಇಲ್ಲ. ತೋಳಿಗೆ ಸ್ವಲ್ಪ ಬಲ ಬಂದಹಾಗೆ ಅನಿಸುತ್ತಿತ್ತು, ಆ ಆಸೆ.

ರಾಯಚೂರಿನ ಆಸ್ಪತ್ರೆಯವರು ಮೊದಲ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದರು. ಹಿಂದಿನ ದಿನ ಏಕಾದಶಿ. ನಮ್ಮ ಮನೆಯದು ಹಣ್ಣು ಹಾಲಿನ ಉಪವಾಸವಲ್ಲ, ತೀರ್ಥ ಬಿಟ್ಟರೆ ಹನಿ ನೀರೂ ಇಲ್ಲ. ಸ್ವಾಮಿಕಾರ್ಯ ಸ್ವಕಾರ್ಯ ಎರಡೂ ಒಟ್ಟಿಗೇ ಆಯಿತು ಅಂತ ನಾನು ಬೀಗಿದೆ. ರಾಯಚೂರಿನ ಬೇಸಿಗೆ, ಬಿಸಿಲು ಕುಟ್ಟುತ್ತಿತ್ತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ದ್ವಾದಶಿಯ ಬೆಳಿಗ್ಗೆ ಉಪವಾಸ ಬಿಡುವ ಪಾರಣೆಯನ್ನೂ ಮಾಡದೆ ಅಮ್ಮನನ್ನು ಕರೆದುಕೊಂಡು ಮೊದಲ ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ರಕ್ತ ತೆಗೆಯುವಾಗ ಯಾವುದಾದರೂ ಔಷಧ ತಗೊಳ್ತೀರಾ ಅಂತ ಕೇಳಿದರು. ಇಲ್ಲ ಅಂದೆ. ಪುಡಿ ಔಷಧವೇನಲ್ಲವಲ್ಲ!

ಸಂಜೆಗೆ ಫಲಿತಾಂಶ ಬಂತು. ರಕ್ತದಲ್ಲಿ ಕ್ರಿಯಾಟಿನಿನ್ ಏರಿತ್ತು, ಅಂದರೆ ಕಿಡ್ನಿ ಕಸ ಹೊರಹಾಕುತ್ತಿಲ್ಲ ಅನ್ನುವ ಗುರುತು. ತಂಗಿಯ ಕಾಯಿಲೆ ಬಂದಾಗಿನಿಂದ ಈ ಪದ ನಮ್ಮ ಮನೆಯಲ್ಲಿ ಜೋಳ, ತೊಗರಿಬೇಳೆಯಷ್ಟೇ ಬಳಕೆಯದು. ಆವತ್ತು ಅವಳ ಡಯಾಲಿಸಿಸ್ ಅದೇ ಆಸ್ಪತ್ರೆಯಲ್ಲಿತ್ತು. ಕಾಗದ ಇಸಕೊಂಡು ನೋಡಿದಳು, ಗೋಡೆಯ ಕಡೆ ಮುಖ ಮಾಡಿ ಅತ್ತಳು. ಡಾಕ್ಟರು, "ಇವರದು ತಗೊಳ್ಳಿಕ್ಕೆ ಬರಂಗಿಲ್ಲ. ಮೊದ್ಲು ಇವರನ್ನೇ ನೋಡ್ಬೇಕಾಗ್ತದ," ಅಂದರು.

ಆಗ ಅಮ್ಮ ಬಾಯಿ ತೆರೆದಳು. "ಡಾಕ್ಟ್ರೇ, ಅದೇನೋ ಡಬ್ಬಿ ಪುಡಿ ತಿಂತಾನ್ರೀ ಇಂವ. ಅದರಿಂದೇನರ...?"

ಡಾಕ್ಟರು ಪೆನ್ನು ಕೆಳಗಿಟ್ಟರು. ಯಾವ ಪುಡಿ, ಎಷ್ಟು ದಿನದಿಂದ, ನಿನ್ನೆ ನೀರು ಎಷ್ಟು ಕುಡಿದಿರಿ. ಏಕಾದಶಿ ಅಂದೆ. ಅವರು ಹಣೆ ಹಣೆ ಒತ್ತಿಕೊಂಡರು. ಆ ಪುಡಿ ಮೈಯಲ್ಲಿ ಕ್ರಿಯಾಟಿನಿನ್ ಆಗಿಯೇ ಹೊರಬೀಳುತ್ತದಂತೆ. ಕಿಡ್ನಿ ಸರಿ ಇದ್ದರೂ ಅಂಕಿ ಏರಬಹುದು. ಮೇಲೆ ನೀರಿಲ್ಲದ ಉಪವಾಸ. "ಹಂಗಂತ ಸುಮ್ಮನ ಬಿಡ್ಲಿಕ್ಕೂ ಬರಂಗಿಲ್ರೀ ಮಾಸ್ತರ. ಕಿಡ್ನಿ ಖರೇನ ಕೆಟ್ಟಿದ್ರೂ ಹಿಂಗೇ ತೋರಿಸ್ತದ. ಪುಡಿ ಬಿಡ್ರಿ, ನೀರು ಕುಡೀರಿ, ಮೂರು ವಾರಕ್ಕ ಬರ್ರಿ. ಇಳೀತು ಅಂದ್ರ ಅದು ಪುಡೀದು. ಇಳೀಲಿಲ್ಲ ಅಂದ್ರ ನಿಮ್ದು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ನನ್ನ ಕಥೆ. ಚೆನ್ನಾಗಿ ಕೊಡಬೇಕು ಅಂತ ಹೋಗಿ ಕೊಡುವುದಕ್ಕೇ ಕಲ್ಲು ಹಾಕಿಕೊಂಡಿದ್ದೆ. ಆ ಮೂರು ವಾರ ನಾನು ಮನುಷ್ಯನಾಗಿರಲಿಲ್ಲ. ಎದ್ದ ಕೂಡಲೇ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಗುಳಿ ಬೀಳುತ್ತದೆಯೇ ನೋಡುವುದು, ಮೂತ್ರದ ಬಣ್ಣ ನೋಡುವುದು, ಕನ್ನಡಿಯಲ್ಲಿ ರೆಪ್ಪೆ ನೋಡುವುದು. ಊದಿದೆ ಅಂತ ಒಮ್ಮೆ, ಇಲ್ಲ ಅಂತ ಒಮ್ಮೆ. ತಂಗಿಗೆ ಹೀಗೇ ತಾನೆ ಶುರುವಾದದ್ದು? ಅವಳಿಗೆ ಇನ್ನು ಯಾರು ಕೊಡುತ್ತಾರೆ? ನನಗೆ ಯಾರು? ಹೆದರಿದವರ ಮೇಲೆ ಕಪ್ಪೆ ಎಸೆದ ಹಾಗೆ, ನೆರೆಯವರು ಬೇರೆ "ಯಾಕ್ರೀ ಮಾಸ್ತರ, ಮಾರಿ ಬಾಡೇದ?" ಅಂತ ಕೇಳುತ್ತಿದ್ದರು.

ನಡುವೆ ಮತ್ತೊಂದು ಏಕಾದಶಿ ಬಂತು. ಕುಡಿಯಬೇಕೋ ಬಿಡಬೇಕೋ ಅಂತ ಗೋಡೆಗೆ ಒರಗಿ ಕೂತಿದ್ದೆ. ಅಮ್ಮ ತಾನು ಹನಿ ಮುಟ್ಟದೆ, ನನ್ನ ಮುಂದೆ ತಂಬಿಗೆ ತುಂಬ ನೀರು ತಂದಿಟ್ಟಳು.

"ಕುಡಿ. ಪಾಪ ಏನರ ಇದ್ರ ನನಗಿರ್ಲಿ."

ಅವಳ ಮುಖ ನೋಡಲು ಧೈರ್ಯವಾಗದೆ ಗಟಗಟ ಕುಡಿದೆ.

ಎರಡನೆಯ ಪರೀಕ್ಷೆಯ ದಿನ ಸೂಜಿ ಚುಚ್ಚುವಾಗ ಮುಖ ಆ ಕಡೆ ತಿರುಗಿಸಿಕೊಂಡೆ. ಅಂಕಿ ಇಳಿದಿತ್ತು. ಡಾಕ್ಟರು ಎರಡು ಸಲ ನೋಡಿ, "ಪುಡೀದೇ. ಇನ್ನು ಮುಂದಿನ ಪರೀಕ್ಷೆಗಳಿಗೆ ಹೈದರಾಬಾದಿಗೆ ಹೋಗ್ರಿ," ಅಂದರು. ನಾನು ಚಪ್ಪಲಿಯನ್ನೂ ಮರೆತು ಡಯಾಲಿಸಿಸ್ಸಿಗೆ ಬಂದಿದ್ದ ತಂಗಿಯ ಮಂಚದ ಹತ್ತಿರ ಓಡಿದೆ. ಅವಳ ಕೈಗೆ ನಳಿಕೆ ಹಾಕಿದ್ದರು, ಮಷೀನು ತಿರುಗುತ್ತಿತ್ತು. ಹೇಳಿದೆ. ಅವಳು ಪಕ್ಕದ ಮಂಚದ ಕಡೆ ನೋಡಿದಳು.

"ಅಣ್ಣಾ, ಸಿಸ್ಟರಿಗೆ ಹೇಳಿಟ್ಟಿದ್ದೆ. ನಿನಗೂ ಈ ಮಷೀನು ಹಚ್ಚೋದು ಬಂದ್ರ ಈ ಬಾಜೂ ಮಂಚ ಬ್ಯಾರೆಯವರಿಗೆ ಕೊಡಬ್ಯಾಡ್ರಿ ಅಂತ. ನೀ ಸೂಜಿಗೆ ಭಾಳ ಹೆದರ್ತಿ, ಒಬ್ಬನೇ ಹ್ಯಾಂಗ ಮಲಗ್ತಿ ಅನಿಸ್ತು. ಈಗ ಬ್ಯಾಡ ಅಂತ ಹೇಳಬೇಕು, ನೆನಪ ಮಾಡು."