ತೋಳಿಗೆ ಕಟ್ಟಿದ ಲಿಂಗ

ಬನ್ನಿಮಂಟಪದ ಹತ್ತಿರ, ಚರ್ಚಿನ ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟು. ತಂಡಕ್ಕೆ ಒಬ್ಬಳು ಕಮ್ಮಿ ಎಂದು ಗೆಳತಿ ಸ್ಟೆಲ್ಲಾ ನನ್ನನ್ನು ಎಳೆದುಕೊಂಡು ಹೋಗಿದ್ದಳು. ಇನ್ನೇನು ಆಟ ಶುರುವಾಗಬೇಕು, ರೆಫರಿ ನನ್ನನ್ನು ತಡೆದರು. "ಕತ್ತಲ್ಲಿ ಏನೂ ಇರಬಾರ್ದು, ತೆಗಿಯಮ್ಮ."

ಕತ್ತಿನಲ್ಲಿದ್ದದ್ದು ಬೆಳ್ಳಿಯ ಕರಡಿಗೆ, ಅದರೊಳಗೆ ನನ್ನ ಇಷ್ಟಲಿಂಗ. ದೀಕ್ಷೆಯಾದಂದಿನಿಂದ ಅದನ್ನು ಮೈಯಿಂದ ಬೇರೆ ಮಾಡಿದ್ದಿಲ್ಲ. ನಾನು ಆಡದಿದ್ದರೆ ನಾಲ್ಕೇ ಜನ, ತಂಡ ಹೊರಗೆ. ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ.

ಟೂರ್ನಮೆಂಟು ನಡೆಸುತ್ತಿದ್ದ ಫಾದರ್ ಬಂದರು. "ಮೊಣಕಾಲಿಗೆ ಕಟ್ಕೊಳಮ್ಮ, ನೀಕ್ಯಾಪ್ ಒಳಗೆ ಭದ್ರವಾಗಿರುತ್ತೆ."

"ಅಯ್ಯೋ ಫಾದರ್, ಅದು ಅವಳ ದೇವ್ರು! ಸೊಂಟದ ಕೆಳಗೆ ಇಳಿಯೋ ಹಾಗಿಲ್ಲ!" ಎಂದು ಸ್ಟೆಲ್ಲಾ ರೇಗಿದಳು. ನಮ್ಮಜ್ಜಿ ಅವಳಿಗೆ ಇದನ್ನೆಲ್ಲ ಯಾವಾಗ ಹೇಳಿಕೊಟ್ಟಿದ್ದರೋ!

ಫಾದರ್ ನಾಲಿಗೆ ಕಚ್ಚಿಕೊಂಡು ಫಸ್ಟ್ ಏಡ್ ಡಬ್ಬಿ ತಂದರು. ಸ್ಟೆಲ್ಲಾ ಓಡಿಹೋಗಿ ಕೈ ತೊಳೆದು ಬಂದು, ಕರಡಿಗೆಯನ್ನು ನನ್ನ ತೋಳಿಗಿಟ್ಟು ಕ್ರೇಪ್ ಬ್ಯಾಂಡೇಜು ದಪ್ಪಗೆ ಸುತ್ತಿದಳು. ರೆಫರಿ ಒತ್ತಿ ನೋಡಿ, "ಹ್ಞೂಂ, ಆಡಿ" ಅಂದರು.

ಎದುರು ತಂಡದವರು ನನ್ನ ತೋಳಿಗೆ ಪೆಟ್ಟಾಗಿದೆ ಅಂದುಕೊಂಡು, ಪಾಪ, ಹತ್ತಿರವೇ ಸುಳಿಯಲಿಲ್ಲ. ಆರಾಮಾಗಿ ನಾಲ್ಕು ಬ್ಯಾಸ್ಕೆಟ್ ಹಾಕಿದೆ. ಮೊದಲೇ ನನ್ನದು ಮಾತು ಕಮ್ಮಿ. ಅವತ್ತು ಅದು ಉಪಯೋಗಕ್ಕೆ ಬಂತು.